ಪೆಟ್ರೋಲ್ ಟ್ಯಾಂಕ್ ನೆಗ್ಗಿದೆಯಾ? ಎಳೆಯುವ ಮುಂಚೆ ಸರಿಯಾಗಿ ನೋಡಿ

ಹೋದ ಬೇಸಿಗೆಯಲ್ಲಿ ತಿಪಟೂರಿನ ಮಾವನ ಮನೆಗೆ ಹೋಗಿದ್ದಾಗ ನನ್ನ ತಮ್ಮ ತನ್ನ ಬೈಕನ್ನು ತೆಂಗಿನ ಮರದ ಕೆಳಗೆ ನಿಲ್ಲಿಸಿದ್ದ. ರಾತ್ರಿ ಧಡ್ ಅಂತ ಸದ್ದಾಯಿತು. ಬೆಳಗ್ಗೆ ನೋಡಿದರೆ ಟ್ಯಾಂಕಿನ ಬಲಗಡೆ ಅಂಗೈ ಅಗಲದ ನೆಗ್ಗು. ಬಣ್ಣ ಹೋಗಿರಲಿಲ್ಲ. ತಮ್ಮ ಆಗಲೇ ಯಾವುದೋ ವಿಡಿಯೋ ನೋಡಿಕೊಂಡು, ಪಂಕ್ಚರ್ ಅಂಗಡಿಗೆ ಹೋಗಿ ಟ್ಯಾಂಕಿಗೆ ಗಾಳಿ ಹೊಡೆಸೋಣ ಅಂತ ಹೊರಟಿದ್ದ. ಅವನನ್ನು ತಡೆದು ಕೂರಿಸಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನೆಗ್ಗು ತೆಗೆಯುವುದರಲ್ಲಿ ಕೈಕೆಲಸ ಕಡಿಮೆ, ನೋಡುವ ಕೆಲಸ ಜಾಸ್ತಿ. ಯಾವ ನೆಗ್ಗು ಮನೆಯಲ್ಲಿ ಬರುತ್ತದೆ, ಯಾವುದು ಬರುವುದಿಲ್ಲ ಅಂತ ಮೊದಲೇ ಗೊತ್ತಾದರೆ ಟ್ಯಾಂಕೂ ಉಳಿಯುತ್ತದೆ, ಬಣ್ಣವೂ ಉಳಿಯುತ್ತದೆ.

ಹಿತ್ತಾಳೆ ಬಿಂದಿಗೆ ನೆಗ್ಗಿದರೆ ಹಿಂದೆ ಊರಿಗೆ ಬರುತ್ತಿದ್ದ ಕಂಚುಗಾರರು ಒಳಗಡೆ ಕಬ್ಬಿಣದ ಆಸರೆ ಕೊಟ್ಟು, ಹೊರಗಿನಿಂದ ಸಣ್ಣದಾಗಿ ಬಡಿದು ಸರಿ ಮಾಡುತ್ತಿದ್ದರು. ಟ್ಯಾಂಕಿನಲ್ಲಿ ಅದು ಆಗುವುದಿಲ್ಲ. ಟ್ಯಾಂಕಿನ ಕೆಳಭಾಗ ಫ್ರೇಮಿನ ಪೈಪಿನ ಮೇಲೆ ಕೂರಲು ಸುರಂಗದ ಹಾಗೆ ಒಳಕ್ಕೆ ಬಾಗಿರುತ್ತದೆ. ಹಾಗಾಗಿ ಪಕ್ಕದಲ್ಲಿ ನೆಗ್ಗಿದರೆ ಹಿಂದೆ ಕೈ ಹೋಗಲು ದಾರಿಯೇ ಇಲ್ಲ. ಇರುವ ಒಂದು ಬಾಯಿ ಮೇಲಿದೆ, ಅದೂ ಚಿಕ್ಕದು. ಜೊತೆಗೆ ಒಳಗೆ ಪೆಟ್ರೋಲ್. ಈ ಎರಡು ತೊಡಕು ಇಲ್ಲದಿದ್ದರೆ ಟ್ಯಾಂಕೂ ಒಂದು ಪಾತ್ರೆಯೇ. ಹಾಗಾಗಿ ಹೊರಗಿನಿಂದಲೇ ನೆಗ್ಗಿಗೆ ಒಂದು ಪ್ಲಾಸ್ಟಿಕ್ ಬಿಲ್ಲೆಯನ್ನು ಬಿಸಿ ಅಂಟಿನಿಂದ ಅಂಟಿಸಿ ಎಳೆಯಬೇಕು.

ಮೊದಲ ಪ್ರಶ್ನೆ: ಸೋರುತ್ತಿದೆಯಾ?

ನೆಗ್ಗಿನ ಅಂದಚೆಂದ ಆಮೇಲೆ. ಬೈಕನ್ನು ಬಯಲಲ್ಲಿ ನಿಲ್ಲಿಸಿ ವಾಸನೆ ನೋಡಿ. ಟ್ಯಾಂಕಿನ ಎರಡು ಭಾಗ ಸೇರುವ ಬೆಸುಗೆಯ ಅಂಚನ್ನು ಕೆಳಗಿನಿಂದ ಒಣ ಬಟ್ಟೆಯಲ್ಲಿ ಒರೆಸಿ. ಅದರ ಮೇಲೆ ಸೀಮೆಸುಣ್ಣ ಉಜ್ಜಿ ಅರ್ಧ ಗಂಟೆ ಬಿಡಿ. ಪೆಟ್ರೋಲ್ ಒಸರುತ್ತಿದ್ದರೆ ಸುಣ್ಣದ ಮೇಲೆ ಒದ್ದೆ ಕಲೆ ಮೂಡುತ್ತದೆ. ಕಲೆ ಬಂತು ಅಂದರೆ ಅಲ್ಲಿಗೆ ಮನೆಗೆಲಸ ಮುಗಿಯಿತು. ಪೆಟ್ರೋಲ್ ಇಳಿಸಿ, ಟ್ಯಾಂಕ್ ಬಿಚ್ಚಿ, ಟ್ಯಾಂಕ್ ಬೆಸುಗೆ ಮಾಡಿ ಪಳಗಿದವರ ಹತ್ತಿರ ಕೊಡಿ. ಎಂ-ಸೀಲ್ ಮೆತ್ತಿ ಓಡಿಸುವುದು ಬೇಡ. ಕೆಳಗೆ ಬಿಸಿ ಎಂಜಿನ್ ಇದೆ.

ಇನ್ನೊಂದು ಮೋಸವಿದೆ. ಕೆಲವು ಸಲ ನೆಗ್ಗಿನ ಪಕ್ಕ ಬಣ್ಣ ಗುಳ್ಳೆ ಗುಳ್ಳೆಯಾಗಿ ಎದ್ದಿರುತ್ತದೆ. ಏಟಿಗೆ ಹಾಗೆ ಆಗುವುದಿಲ್ಲ, ಅದು ತುಕ್ಕು. ಟ್ಯಾಂಕಿನ ತಳದಲ್ಲಿ ನೀರು ನಿಂತು ಒಳಗಿನಿಂದ ತಗಡನ್ನು ತಿಂದಿರಬಹುದು. ಅಂಥ ಜಾಗದಲ್ಲಿ ಎಳೆದರೆ ನೆಗ್ಗಿನ ಬದಲು ತೂತು ಸಿಗುತ್ತದೆ.

ನೆಗ್ಗು ಎಲ್ಲಿಂದ ಬಂತು?

ತೆಂಗಿನಕಾಯಿ ಬಿದ್ದರೆ ಕಾರಣ ಕಣ್ಣೆದುರೇ ಇರುತ್ತದೆ. ಆದರೆ ಟ್ಯಾಂಕಿನ ಮುಂಭಾಗದಲ್ಲಿ, ಹ್ಯಾಂಡಲ್ ತಿರುಗಿಸಿದಾಗ ಸ್ವಿಚ್ಚಿನ ಡಬ್ಬಿ ಬರುವ ಜಾಗದಲ್ಲಿ ನೆಗ್ಗು ಇದ್ದರೆ ಸ್ವಲ್ಪ ನಿಲ್ಲಿ. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ಸ್ವಿಚ್ಚಿಗೂ ಟ್ಯಾಂಕಿಗೂ ನಡುವೆ ಬೆರಳು ಹೋಗುವಷ್ಟು ಜಾಗ ಇರಬೇಕು. ಇಲ್ಲದಿದ್ದರೆ ಗಾಡಿ ಬಿದ್ದಾಗ, ಹ್ಯಾಂಡಲ್ ಅತಿಯಾಗಿ ತಿರುಗದಂತೆ ತಡೆಯುವ ಕೆಳಗಿನ ಸ್ಟಾಪರ್ ಮುರಿದಿದೆ ಅಥವಾ ಬಾಗಿದೆ, ಇಲ್ಲವೇ ಹ್ಯಾಂಡಲೇ ಬಗ್ಗಿದೆ. ಬೇರೆ ಹ್ಯಾಂಡಲ್ ಹಾಕಿಸಿದವರಿಗೂ ಇದು ಆಗುತ್ತದೆ. ಅದನ್ನು ಸರಿಮಾಡದೆ ನೆಗ್ಗು ತೆಗೆದರೆ ಮುಂದಿನ ಸಲ ಗಾಡಿ ತಿರುಗಿಸುವಾಗ ಅದೇ ಜಾಗಕ್ಕೆ ಮತ್ತೆ ಏಟು ಬೀಳುತ್ತದೆ. ಅದಕ್ಕಿಂತ ಮುಖ್ಯವಾಗಿ, ತಿರುವಿನಲ್ಲಿ ಬೆರಳು ಸಿಕ್ಕಿಹಾಕಿಕೊಳ್ಳಬಹುದು.

ನೆಗ್ಗನ್ನು ಓದುವುದು

ಇದಕ್ಕೆ ಟ್ಯೂಬ್‌ಲೈಟ್ ಸಾಕು. ಟ್ಯಾಂಕನ್ನು ಚೆನ್ನಾಗಿ ತೊಳೆದು ಒರೆಸಿ, ಸಂಜೆ ಮೇಲೆ ಟ್ಯೂಬ್‌ಲೈಟಿನ ಕೆಳಗೆ ತನ್ನಿ. ಬೆಳಕಿನ ಪಟ್ಟಿ ಟ್ಯಾಂಕಿನ ಮೇಲೆ ಉದ್ದಕ್ಕೆ ಕಾಣುತ್ತದೆ ಅಲ್ವಾ? ತಲೆಯನ್ನು ನಿಧಾನಕ್ಕೆ ಆಚೀಚೆ ಮಾಡಿ. ತಗಡು ಸರಿ ಇರುವ ಕಡೆ ಪಟ್ಟಿ ನೀಟಾಗಿ ಸರಿಯುತ್ತದೆ. ನೆಗ್ಗಿನ ಹತ್ತಿರ ಬಂದಾಗ ಸೊಟ್ಟಗಾಗುತ್ತದೆ. ಎಲ್ಲಿ ಸೊಟ್ಟಗಾಗಲು ಶುರುವಾಯಿತೋ ಅಲ್ಲಿ ಸೀಮೆಸುಣ್ಣದಿಂದ ಚುಕ್ಕೆ ಇಡಿ. ಸುತ್ತ ಹೀಗೆ ಇಟ್ಟರೆ ನೆಗ್ಗಿನ ನಿಜವಾದ ಅಳತೆ ಸಿಗುತ್ತದೆ. ಹಗಲಲ್ಲಿ ಕಂಡದ್ದಕ್ಕಿಂತ ಅದು ಅಗಲವಾಗಿಯೇ ಇರುತ್ತದೆ.

ಪಟ್ಟಿ ಮೆತ್ತಗೆ ಬಾಗಿ ಮತ್ತೆ ಸರಿಹೋದರೆ ಅದು ಬಟ್ಟಲಿನಂಥ ನೆಗ್ಗು. ತಗಡು ಒಳಗೆ ಹೋಗಿದೆ, ಆದರೆ ಹೆಚ್ಚು ಹಿಗ್ಗಿಲ್ಲ. ಇದು ಬರುತ್ತದೆ. ಪಟ್ಟಿ ತಟ್ಟನೆ ಮುರಿದ ಹಾಗೆ ಕಂಡರೆ ಅಲ್ಲಿ ಮಡಿಕೆ ಇದೆ. ಉಗುರಿನ ತುದಿಯನ್ನು ಅಡ್ಡ ಎಳೆಯಿರಿ. ಸಿಕ್ಕಿದ ಹಾಗಾದರೆ ಅದು ಚೂಪಾದ ಗೆರೆ. ಅದು ಪೂರ್ತಿ ಬರುವುದಿಲ್ಲ. ಯಾಕೆ ಅಂತ ತಿಳಿಯಬೇಕಾದರೆ ಒಂದು ಕಟ್ಟುತಂತಿ ತೆಗೆದುಕೊಂಡು ಚೂಪಾಗಿ ಬಗ್ಗಿಸಿ, ಮತ್ತೆ ಕೈಯಲ್ಲೇ ನೆಟ್ಟಗೆ ಮಾಡಲು ನೋಡಿ. ಬಗ್ಗಿದ ಜಾಗ ನೆಟ್ಟಗಾಗುವುದಿಲ್ಲ, ಅದರ ಪಕ್ಕದಲ್ಲಿ ಬಗ್ಗುತ್ತದೆ. ಒಮ್ಮೆ ಮಡಿದ ಕಡೆ ಉಕ್ಕು ಗಟ್ಟಿಯಾಗಿಬಿಡುತ್ತದೆ. ಟ್ಯಾಂಕಿನ ತಗಡಿನಲ್ಲೂ ಅದೇ ಆಗುತ್ತದೆ. ಟ್ಯಾಂಕಿನ ಏಣಿನ ಮೇಲೆ, ಬೆಸುಗೆಯ ಪಕ್ಕ, ಮುಚ್ಚಳದ ಬಾಯಿಯ ಹತ್ತಿರ ಬಿದ್ದ ನೆಗ್ಗುಗಳೂ ಹೀಗೇ ಹಟಮಾರಿ. ಅಲ್ಲಿ ತಗಡಿನ ಆಕಾರವೇ ಬಿಗಿಯಾಗಿರುತ್ತದೆ.

ಆಮೇಲೆ ಒಂದು ಅಯಸ್ಕಾಂತ. ಫ್ರಿಜ್ಜಿನ ಮೇಲೆ ಅಂಟಿಸುವ ಸಣ್ಣದೊಂದು ಸಾಕು. ಅದಕ್ಕೆ ತೆಳು ಬಟ್ಟೆ ಸುತ್ತಿ ಟ್ಯಾಂಕಿನ ಮೇಲೆ ಸರಿಸುತ್ತಾ ಹೋಗಿ. ಒಂದು ಕಡೆ ಹಿಡಿತ ಸಡಿಲವಾದರೆ ಬಣ್ಣದ ಕೆಳಗೆ ಪುಟ್ಟಿ, ಅಂದರೆ ತಗ್ಗು ತುಂಬಲು ಮೆತ್ತುವ ಲೇಪ, ಇದೆ ಅಂತ ಅರ್ಥ. ಹಳೇ ಗಾಡಿ ಕೊಂಡವರು ಇದನ್ನು ಮಾಡಲೇಬೇಕು. ನಮ್ಮ ಅಪ್ಪನದೊಂದು ಯೆಜ್ಡಿ ಇದೆ, ಮೈಸೂರಿನ ಯಾದವಗಿರಿ ಕಾರ್ಖಾನೆಯದು. ಆ ಕಾರ್ಖಾನೆ 1996ರಲ್ಲೇ ಮುಚ್ಚಿತು. ಆ ಕಾಲದ ಟ್ಯಾಂಕ್ ಹೊಸದಾಗಿ ಬೇಕು ಅಂದರೆ ಹುಡುಕಿ ಸುಸ್ತಾಗಬೇಕು. ಅದರ ಎಡಗಡೆ ಒಂದು ಸಣ್ಣ ನೆಗ್ಗಿತ್ತು. ಎಳೆಯೋಣ ಅಂತ ಕೂತು ಅಯಸ್ಕಾಂತ ಇಟ್ಟರೆ ಹಿಡಿಯಲೇ ಇಲ್ಲ, ಜಾರಿ ಕೆಳಗೆ ಬಿತ್ತು. ಅಪ್ಪನ ಕೈಗೆ ಬರುವ ಮೊದಲೇ ಯಾರೋ ದಪ್ಪಗೆ ಪುಟ್ಟಿ ತುಂಬಿಸಿದ್ದರು. ಅದಕ್ಕೆ ಅಂಟು ಹಾಕಿ ಎಳೆದಿದ್ದರೆ ಬಣ್ಣ, ಪುಟ್ಟಿ ಎಲ್ಲ ಚಕ್ಕೆ ಚಕ್ಕೆಯಾಗಿ ಎದ್ದು ಬರುತ್ತಿತ್ತು. ಹಾಗೇ ಬಿಟ್ಟೆವು.

ಅಯಸ್ಕಾಂತ ಇಡೀ ಟ್ಯಾಂಕಿಗೇ ಅಂಟದಿದ್ದರೆ ನೀವು ನೋಡುತ್ತಿರುವುದು ಪ್ಲಾಸ್ಟಿಕ್ ಕವರ್ ಇರಬಹುದು. ಕೆಲವು ಹೊಸ ಬೈಕ್‌ಗಳಲ್ಲಿ ಉಕ್ಕಿನ ಟ್ಯಾಂಕ್ ಅದರ ಒಳಗಿರುತ್ತದೆ. ಕವರ್ ಬಿಚ್ಚಿ, ನೆಗ್ಗಿದ ಜಾಗಕ್ಕೆ ಬಿಸಿನೀರು ಹುಯ್ದು ಹಿಂದಿನಿಂದ ಬೆರಳಲ್ಲಿ ಒತ್ತಿದರೆ ಎಷ್ಟೋ ಸಲ ಬಂದುಬಿಡುತ್ತದೆ. ಪ್ಲಾಸ್ಟಿಕ್ ಬಿಸಿಗೆ ಮೆತ್ತಗಾಗುತ್ತದೆ. ಉಕ್ಕಿಗೆ ಆ ಬಿಸಿ ಏನೂ ಅಲ್ಲ. ಬಿಸಿನೀರಿನ ವಿಡಿಯೋಗಳನ್ನು ನೋಡಿ ಉಕ್ಕಿನ ಟ್ಯಾಂಕಿಗೆ ನೀರು ಸುರಿಯುವವರು ಈ ವ್ಯತ್ಯಾಸ ಗಮನಿಸಬೇಕು.

ಕೊನೆಗೆ ಬಣ್ಣ. ಕಂಪನಿಯಲ್ಲಿ ಬೇಯಿಸಿದ ಬಣ್ಣ ಅಂಟಿನ ಎಳೆತ ತಡೆಯುತ್ತದೆ. ಮತ್ತೆ ಪೇಂಟ್ ಮಾಡಿಸಿದ ಟ್ಯಾಂಕಾದರೆ, ಅಥವಾ ನೆಗ್ಗಿನಲ್ಲಿ ಕೂದಲೆಳೆಯಷ್ಟು ಬಿರುಕು ಇದ್ದರೆ, ಬಣ್ಣ ಬಿಲ್ಲೆಯ ಜೊತೆಗೇ ಕಿತ್ತು ಬರಬಹುದು. ಸ್ಟಿಕರ್ ಮೇಲಂತೂ ಅಂಟು ಹಾಕಲೇಬೇಡಿ.

ಖಾಲಿ ಟ್ಯಾಂಕೇ ಹೆಚ್ಚು ಅಪಾಯ

ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ. ಪೆಟ್ರೋಲ್ ಇಳಿಸಿದರೆ ಸಾಕು, ಇನ್ನೇನು ಭಯ ಅಂತ ಅಂದುಕೊಳ್ಳುತ್ತೇವೆ. ಉರಿಯುವುದು ಪೆಟ್ರೋಲಿನ ಆವಿ. ಗಾಳಿಯಲ್ಲಿ ಅದು ಸುಮಾರು 1.4ರಿಂದ 7.6 ಶೇಕಡಾ ಬೆರೆತಾಗ ಒಂದು ಕಿಡಿ ಸಾಕು. ತುಂಬಿದ ಟ್ಯಾಂಕಿನೊಳಗೆ ಆವಿ ಇದಕ್ಕಿಂತ ದಟ್ಟವಾಗಿರುತ್ತದೆ. ಪೆಟ್ರೋಲ್ ಇಳಿಸಿ ಬಾಯಿ ತೆರೆದಿಟ್ಟ ಟ್ಯಾಂಕಿನಲ್ಲಿ ಗಾಳಿ ಸೇರಿ ಸೇರಿ ಸರಿಯಾಗಿ ಈ ಪ್ರಮಾಣಕ್ಕೆ ಬಂದು ನಿಲ್ಲಬಹುದು. ಆವಿ ಗಾಳಿಗಿಂತ ಭಾರ, ಹಾಗಾಗಿ ನೆಲದ ಮೇಲೆ ಹರಿದು ದೂರದ ಒಲೆಯವರೆಗೂ ಹೋಗುತ್ತದೆ. ನೆಗ್ಗಿಗೆ ಬಿಸಿ ಕೊಡಲು ಕೆಲವರು ಹಿಡಿಯುವ ಹೇರ್ ಡ್ರೈಯರ್ ಒಳಗೆ ತಂತಿ ಕೆಂಪಗೆ ಕಾದಿರುತ್ತದೆ. ಅಂಟು ಕರಗಿಸುವ ಗ್ಲೂ ಗನ್ನಿನ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಅಡುಗೆಮನೆ ಪಕ್ಕದ ವರಾಂಡದಲ್ಲಿ ಈ ಕೆಲಸ ಬೇಡ.

ನಾವು ಮಾಡಿದ್ದು ಹೀಗೆ. ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿದೆವು. ಪೆಟ್ರೋಲ್ ಕಾಕ್ ಮುಚ್ಚಿ, ಪೈಪ್ ಕಿತ್ತು, ಸೀಟು ತೆಗೆದು, ಹಿಂದಿನ ಬೋಲ್ಟ್ ಬಿಚ್ಚಿ ಟ್ಯಾಂಕನ್ನು ಹಿಂದಕ್ಕೆ ಎಳೆದೆವು. ಕೆಳಗೆ ಪೆಟ್ರೋಲ್ ಮುಳ್ಳಿನ ಸೆನ್ಸರ್ ವೈರ್ ಇರುತ್ತದೆ, ಅದನ್ನು ಮರೆತು ಎತ್ತಿದರೆ ಕಿತ್ತುಹೋಗುತ್ತದೆ. ಪೆಟ್ರೋಲನ್ನು ಮುಚ್ಚಳವಿರುವ ಲೋಹದ ಕ್ಯಾನಿಗೆ ಹುಯ್ದು ದೂರ ಇಟ್ಟೆವು. ಸೆನ್ಸರ್ ಬಿಚ್ಚಿ, ಆ ತೂತಿಗೆ ಹಳೇ ಟ್ಯೂಬಿನ ರಬ್ಬರ್ ತುಂಡು ಇಟ್ಟು, ಮೇಲೆ ತಗಡಿನ ಪಟ್ಟಿ ಕೊಟ್ಟು ಅದೇ ನಟ್ಟುಗಳಿಂದ ಬಿಗಿದೆವು. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದ ಬಿಸಿನೀರಿನಲ್ಲಿ ಮೂರು ಸಲ ಕುಲುಕಿ ತೊಳೆದೆವು. ಕೊನೆಗೆ ಉಗುರುಬೆಚ್ಚಗಿನ ನೀರನ್ನು ಕಂಠದವರೆಗೆ ತುಂಬಿಸಿದೆವು. ನೀರು ತುಂಬಿದ ಕಡೆ ಆವಿಗೆ ಜಾಗವಿಲ್ಲ. ತಗಡೂ ಬೆಚ್ಚಗಿರುತ್ತದೆ, ಅಂಟು ಚೆನ್ನಾಗಿ ಹಿಡಿಯುತ್ತದೆ. ಹತ್ತು ಲೀಟರ್ ನೀರಿನ ಭಾರಕ್ಕೆ ಟ್ಯಾಂಕ್ ಅಲ್ಲಾಡದೆ ಕೂರುತ್ತದೆ. ಹಳೇ ಕಂಬಳಿ ಮಡಿಸಿ ಕೆಳಗೆ ಹಾಸಿದ್ದೆವು.

ಕಾರ್ಬುರೇಟರ್ ಇಲ್ಲದ ಇಂಜೆಕ್ಷನ್ ಬೈಕ್ ಆದರೆ ಹೀಗೆ ಮಾಡಬೇಡಿ. ಪಂಪ್ ಟ್ಯಾಂಕಿನೊಳಗೇ ಇರುತ್ತದೆ, ಅದಕ್ಕೆ ನೀರು ತಾಗಬಾರದು. ಪೈಪಿನಲ್ಲಿ ಒತ್ತಡವೂ ಇರುತ್ತದೆ, ಸುಮ್ನೆ ಕಿತ್ತರೆ ಪೆಟ್ರೋಲ್ ಮುಖಕ್ಕೆ ಹಾರುತ್ತದೆ. ಅಂಥ ಟ್ಯಾಂಕನ್ನು ಟಿಂಕರಿಂಗ್ ಮಾಡುವವರಿಗೆ ಕೊಡುವುದೇ ಒಳ್ಳೆಯದು. ಪಂಪ್ ಬಿಚ್ಚಿದ ತೂತಿನಿಂದ ಅವರು ಒಳಗೆ ಕಂಬಿ ಹಾಕಿ ಹಿಂದಿನಿಂದಲೇ ಒತ್ತಬಲ್ಲರು.

ಅಂಟಿನಿಂದ ಎಳೆಯುವುದು

ಬೇಕಾದದ್ದು ಡೆಂಟ್ ಪುಲ್ಲರ್ ಕಿಟ್. ಅದರಲ್ಲಿ ಬೇರೆ ಬೇರೆ ಅಗಲದ ಪ್ಲಾಸ್ಟಿಕ್ ಬಿಲ್ಲೆಗಳು, ಅಂಟಿನ ಕಡ್ಡಿ, ಎಳೆಯುವ ಸಾಧನ, ತಟ್ಟಲು ಪ್ಲಾಸ್ಟಿಕ್ ಉಳಿ ಇರುತ್ತವೆ. ಎರಡು ಕಾಲು ಊರಿ ನಡುವೆ ತಿರುಗಿಸುವ ಸೇತುವೆಯಂಥದ್ದು ಕಾರಿನ ಬಾಗಿಲಿಗೆ ಸರಿ. ಟ್ಯಾಂಕಿನ ಗುಂಡು ಮೈ ಮೇಲೆ ಅದರ ಕಾಲು ಜಾರುತ್ತದೆ. ಕಂಬಿಯ ಮೇಲೆ ಭಾರ ಜಾರಿಸಿ ಹಿಂದಕ್ಕೆ ಹೊಡೆಯುವ ಟೀ ಆಕಾರದ್ದು ಇಲ್ಲಿಗೆ ಹೊಂದುತ್ತದೆ. ರಬ್ಬರ್ ಸಕ್ಷನ್ ಕಪ್ಪುಗಳಿಗೆ ದುಡ್ಡು ಹಾಕಬೇಡಿ. ಬಾಗಿದ ಮೈಗೆ ಅವು ಗಾಳಿ ಹಿಡಿಯುವುದಿಲ್ಲ.

ನೆಗ್ಗಿದ ಜಾಗವನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ. ಪಾಲಿಶ್ ಜಿಡ್ಡು ಇದ್ದರೆ ಅಂಟು ಕೂರುವುದಿಲ್ಲ. ನೆಗ್ಗಿಗಿಂತ ಚಿಕ್ಕ ಬಿಲ್ಲೆ ಆರಿಸಿ, ಅಂಟು ಹಾಕಿ, ನೆಗ್ಗಿನ ಅತಿ ಆಳದ ಜಾಗಕ್ಕೆ ಒತ್ತಿಡಿ. ಗ್ಲೂ ಗನ್ನನ್ನು ಟ್ಯಾಂಕಿನಿಂದ ದೂರ ಬಿಸಿ ಮಾಡಿ, ಬಿಲ್ಲೆಗೆ ಅಂಟನ್ನು ಅಲ್ಲೇ ಹಾಕಿಕೊಂಡು ಬನ್ನಿ. ಆಮೇಲೆ ಕಾಯಿರಿ. ಮೂರು ನಾಲ್ಕು ನಿಮಿಷ. ಅಂಟಿನ ಅಂಚನ್ನು ಬೆರಳಲ್ಲಿ ಮುಟ್ಟಿದರೆ ಬಿಸಿ ಹೋಗಿರಬೇಕು, ಉಗುರು ಒತ್ತಿದರೆ ರಬ್ಬರಿನಂತೆ ಸ್ವಲ್ಪ ತಗ್ಗಬೇಕು. ಆಗ ಎಳೆಯಬೇಕು.

ಮೊದಲ ಎಳೆತ ಮೆತ್ತಗಿರಲಿ. ತಮ್ಮ ಮೊದಲ ಸಲ ಜೋರಾಗಿ ಹೊಡೆದ. ಬಿಲ್ಲೆ ಟಪ್ ಅಂತ ಹಾರಿತು, ನೆಗ್ಗು ಹಾಗೇ ಇತ್ತು. ಎರಡನೇ ಸಲ ಸಣ್ಣ ಸಣ್ಣ ಏಟು, ಐದಾರು. ಬಿಲ್ಲೆ ತೆಗೆದು ನೋಡಿದರೆ ಬೆಳಕಿನ ಪಟ್ಟಿ ಒಂಚೂರು ನೆಟ್ಟಗಾಗಿತ್ತು. ಪ್ರತಿ ಸಲ ಅಂಚಿಗೆ ನಾಲ್ಕು ಹನಿ ಆಲ್ಕೊಹಾಲ್ ಬಿಟ್ಟು ಅರ್ಧ ನಿಮಿಷ ಕಾದರೆ ಬಿಲ್ಲೆ ತಾನೇ ಬಿಡುತ್ತದೆ. ಚಾಕು ಹಾಕಿ ಎಬ್ಬಿಸಬೇಡಿ.

ಮೂರನೇ ಸುತ್ತಿನ ನಂತರ ನಮ್ಮದು ನಿಂತುಬಿಟ್ಟಿತು. ಎಷ್ಟು ಎಳೆದರೂ ಒಂದಿಷ್ಟು ಬಂದು ಮತ್ತೆ ಒಳಗೆ ಹೋಗುತ್ತಿತ್ತು. ಹೆಚ್ಚಿನವರು ಕೈಬಿಡುವುದು ಇಲ್ಲೇ. ನೆಗ್ಗು ಬಿದ್ದಾಗ ನಡುವಿನ ತಗಡು ಒಳಗೆ ಹೋಗುತ್ತದೆ, ಸುತ್ತ ಒಂದು ಸಣ್ಣ ದಿಬ್ಬ ಏಳುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಟ್ಯೂಬ್‌ಲೈಟಿನ ಪಟ್ಟಿಯಲ್ಲಿ ಮಾತ್ರ ಗೊತ್ತಾಗುತ್ತದೆ. ನಡುವಿನ ತಗಡು ವಾಪಸ್ ಬರಲು ತಯಾರಿದ್ದರೂ ಈ ದಿಬ್ಬ ಅದನ್ನು ಬಿಗಿಹಿಡಿದಿರುತ್ತದೆ. ಹಾಗಾಗಿ ಒಬ್ಬರು ಬಿಲ್ಲೆಯನ್ನು ಎಳೆದು ಹಿಡಿದಿರಬೇಕು, ಇನ್ನೊಬ್ಬರು ಪ್ಲಾಸ್ಟಿಕ್ ಉಳಿಯನ್ನು ದಿಬ್ಬದ ಮೇಲಿಟ್ಟು ಸಣ್ಣ ಸುತ್ತಿಗೆಯಲ್ಲಿ ಟಕ್ ಟಕ್ ಅಂತ ಸುತ್ತಲೂ ತಟ್ಟುತ್ತಾ ಬರಬೇಕು. ಬಡಿಯುವುದಲ್ಲ, ತಟ್ಟುವುದು. ಮಾವ ಎಳೆದು ಹಿಡಿದಿದ್ದರು, ನಾನು ತಟ್ಟುತ್ತಿದ್ದೆ. ತಟ್ಟುವ ಎರಡನೇ ಸುತ್ತಿನಲ್ಲಿ ಒಳಗಿನಿಂದ ಸಣ್ಣದಾಗಿ ಟಣ್ ಅಂದಿತು. ‘ಬಂತು ನೋಡೋ’ ಅಂದರು ಮಾವ. ನೆಗ್ಗಿನ ಮುಕ್ಕಾಲು ಪಾಲು ಒಂದೇ ಸಲಕ್ಕೆ ಮೇಲೆ ಬಂದಿತ್ತು.

ಎಳೆತ ಜಾಸ್ತಿಯಾಗಿ ನಡುವೆ ಮೊಡವೆಯಂತೆ ಎದ್ದರೆ ಹೆದರಬೇಡಿ. ಅದನ್ನೂ ಉಳಿಯಿಂದ ತಟ್ಟಿ ಕೂರಿಸಬಹುದು.

ಬಿಲ್ಲೆ ಪದೇ ಪದೇ ಹಾರುತ್ತಿದೆಯೇ? ಹಾರಿದ ಬಿಲ್ಲೆಯನ್ನು ತಿರುಗಿಸಿ ನೋಡಿ. ಅಂಟು ಪೂರ್ತಿ ಬಿಲ್ಲೆಯಲ್ಲೇ ಇದ್ದರೆ ಟ್ಯಾಂಕಿನ ಮೇಲೆ ಜಿಡ್ಡಿದೆ ಅಥವಾ ತಗಡು ತಣ್ಣಗಿದೆ. ಅಂಟು ಟ್ಯಾಂಕಿನಲ್ಲೇ ಉಳಿದರೆ ಬಿಲ್ಲೆ ಕೊಳೆಯಾಗಿದೆ. ಅಂಟು ನಡುವೆ ಎಳೆಎಳೆಯಾಗಿ ಹರಿದಿದ್ದರೆ ನೀವು ಕಾಯದೆ ಎಳೆದಿರಿ.

ಗಾಳಿ, ಐಸು

ತಮ್ಮನ ಗಾಳಿಯ ಯೋಚನೆಗೆ ಬರೋಣ. ಟೈರಿಗೆ ಹಾಕುವ 28 ಪಿಎಸ್‌ಐ ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 2 ಕೆ.ಜಿ. ಒತ್ತಡ. ಟ್ಯಾಂಕಿನ ಒಂದು ಪಕ್ಕ 30 ಸೆಂ.ಮೀ. ಉದ್ದ, 20 ಸೆಂ.ಮೀ. ಎತ್ತರ ಅಂತಿಟ್ಟುಕೊಳ್ಳಿ. 600 ಚದರ ಸೆಂಟಿಮೀಟರ್. ಅಲ್ಲಿಗೆ ಆ ಪಕ್ಕದ ಮೇಲೆ 1,200 ಕೆ.ಜಿ. ಭಾರ. ಟ್ಯಾಂಕನ್ನು ಇದಕ್ಕಾಗಿ ಮಾಡಿಲ್ಲ. ನೆಗ್ಗು ಬರುವ ಮೊದಲೇ ಕೆಳಗಿನ ಸುರಂಗ ಉಬ್ಬಿ ಫ್ರೇಮಿನ ಮೇಲೆ ಕೂರದಂತೆ ಆಗುತ್ತದೆ, ಇಲ್ಲವೇ ಬೆಸುಗೆ ಬಿಚ್ಚುತ್ತದೆ. ಒಳಗೆ ಪೆಟ್ರೋಲಿನ ಆವಿ ಇದ್ದರಂತೂ ಹೇಳುವುದೇ ಬೇಡ. ನೀರು ತುಂಬಿ ಫ್ರೀಜರಿನಲ್ಲಿಡುವುದೂ ಹೀಗೇ. ಐಸು ನೆಗ್ಗನ್ನು ಮಾತ್ರ ಹುಡುಕಿ ತಳ್ಳುವುದಿಲ್ಲ, ಎಲ್ಲ ಕಡೆಯೂ ತಳ್ಳುತ್ತದೆ. ಹೇರ್ ಡ್ರೈಯರಿನಲ್ಲಿ ಬಿಸಿ ಮಾಡಿ ತಟ್ಟನೆ ತಣ್ಣಗೆ ಮಾಡುವ ಉಪಾಯ ಕಾರಿನ ಅಗಲವಾದ ತೆಳು ತಗಡಿಗೆ ಒಮ್ಮೊಮ್ಮೆ ನಡೆಯುತ್ತದೆ. ಟ್ಯಾಂಕಿನ ಬಿಗಿಯಾದ ಗುಂಡು ಮೈಗೆ ಅದು ಸಾಲದು.

ಪುಟ್ಟಿ ಬೇಕೇ ಬೇಕು ಅಂದರೆ

ಮಡಿಕೆ ಬಿದ್ದ ನೆಗ್ಗಿಗೆ ಇದೊಂದೇ ದಾರಿ. ಆದರೂ ಮೊದಲು ಎಷ್ಟು ಬರುತ್ತದೋ ಅಷ್ಟು ಎಳೆದುಕೊಳ್ಳಿ. ಪುಟ್ಟಿ 2-3 ಮಿಲಿಮೀಟರಿಗಿಂತ ದಪ್ಪ ಆಗಬಾರದು, ಅಲುಗಾಟಕ್ಕೆ ಬಿರುಕು ಬಿಡುತ್ತದೆ. ಬಣ್ಣ ಕೆರೆದು ತಗಡು ಕಾಣಿಸಿ, 80ನೇ ನಂಬರಿನ ಉಜ್ಜುಕಾಗದದಲ್ಲಿ ಒರಟು ಮಾಡಿ, ಗಟ್ಟಿಯಾಗಿಸುವ ಹಾರ್ಡ್ನರ್ ಬೆರೆಸಿದ ಪುಟ್ಟಿ ಎಳೆಯಬೇಕು. ಉಜ್ಜುವುದು 180, ಆಮೇಲೆ 320, ಪ್ರೈಮರ್ ಆದ ಮೇಲೆ 600ರಲ್ಲಿ ನೀರು ಹಾಕಿ. ಬಣ್ಣದ ಮೇಲೆ ಬರುವ ಪಾರದರ್ಶಕ ಪದರ, ಅಂದರೆ ಕೊನೆಯ ಕ್ಲಿಯರ್ ಕೋಟ್ ಮಾತ್ರ ಪೇಂಟರ್ ಹತ್ತಿರ ಹಾಕಿಸಿ. ಸ್ಪ್ರೇ ಡಬ್ಬಿಯ ಸಾದಾ ಕ್ಲಿಯರ್ ಮೇಲೆ ಬಂಕಿನಲ್ಲಿ ನಾಲ್ಕು ಹನಿ ಪೆಟ್ರೋಲ್ ಚೆಲ್ಲಿದರೆ ಸಾಕು, ಅಂಟಂಟಾಗಿ ಎದ್ದುಬಿಡುತ್ತದೆ. ಹಾರ್ಡ್ನರ್ ಬೆರೆಸುವ ಎರಡು ಭಾಗದ ಕ್ಲಿಯರ್ ತಡೆಯುತ್ತದೆ. ಆದರೆ ಅದರ ಹೊಗೆಮಂಜು ಶ್ವಾಸಕೋಶಕ್ಕೆ ಕೆಟ್ಟದ್ದು, ಮನೆಯಲ್ಲಿ ಹೊಡೆಯುವಂಥದ್ದಲ್ಲ.

ವಾಪಸ್ ಕೂರಿಸುವಾಗ

ನೀರು ಚೆಲ್ಲಿದ ಮೇಲೆ ತಡಮಾಡಬೇಡಿ. ಒದ್ದೆ ಉಕ್ಕಿಗೆ ಕೆಲವೇ ಗಂಟೆಯಲ್ಲಿ ತುಕ್ಕಿನ ಕೆಂಪು ಬರುತ್ತದೆ. ಮುಚ್ಚಳ, ಸೆನ್ಸರ್ ತೂತಿಗೆ ಬಿಗಿದ ರಬ್ಬರ್, ಕಾಕ್ ಎಲ್ಲ ತೆಗೆದು ಬಿಸಿಲಿಗಿಡಿ, ಆಗಾಗ ಮಗ್ಗುಲು ಬದಲಿಸಿ. ಪೂರ್ತಿ ಒಣಗಿದ ಮೇಲೆ ಕಾಲು ಲೀಟರ್ ಪೆಟ್ರೋಲ್ ಹಾಕಿ ಕುಲುಕಿ, ಅದನ್ನು ಬೇರೆ ಡಬ್ಬಿಗೆ ಇಳಿಸಿ. ಅದನ್ನು ಚರಂಡಿಗೆ ಸುರಿಯಬೇಡಿ. ಈಗ ಸಿಗುವ ಪೆಟ್ರೋಲಿನಲ್ಲಿ ಎಥೆನಾಲ್ ಇರುತ್ತದೆ, ಅದು ನೀರನ್ನು ಎಳೆದುಕೊಳ್ಳುತ್ತದೆ. ಉಳಿದ ತೇವ ಕಾರ್ಬುರೇಟರಿಗೆ ಹೋದರೆ ಗಾಡಿ ಮಿಸ್ ಹೊಡೆಯುತ್ತದೆ.

ಕೂರಿಸಿದ ಮೇಲೆ ಎರಡು ವಿಷಯ ನೋಡಿ. ಪೆಟ್ರೋಲ್ ಹಾಕಿದರೂ ಮುಳ್ಳು ಮೇಲೇಳದಿದ್ದರೆ ಒಳಗಿನ ತೇಲುವ ಡಬ್ಬಿ ನೆಗ್ಗಿಗೆ ತಾಗಿ ಸಿಕ್ಕಿಕೊಂಡಿರಬಹುದು, ಅಥವಾ ನೀವು ಸೆನ್ಸರನ್ನು ತಿರುಗುಮುರುಗಾಗಿ ಕೂರಿಸಿದ್ದೀರಿ. ಎರಡನೆಯದು, ಗಾಡಿ ನಾಲ್ಕೈದು ಕಿಲೋಮೀಟರ್ ಓಡಿ ಸುಮ್ಮನಾಗುವುದು. ಮುಚ್ಚಳ ತೆರೆದಾಗ ಉಸ್ ಅಂತ ಗಾಳಿ ಒಳಗೆ ಹೋಗಿ, ಗಾಡಿ ಮತ್ತೆ ಶುರುವಾದರೆ ಮುಚ್ಚಳದ ಗಾಳಿ ತೂತು ಕಟ್ಟಿದೆ. ಏಟು ಬಾಯಿಯ ಹತ್ತಿರ ಬಿದ್ದಿದ್ದರೆ ಅಥವಾ ಪುಟ್ಟಿ ಉಜ್ಜಿದ ಧೂಳು ಸೇರಿದ್ದರೆ ಹೀಗಾಗುತ್ತದೆ. ಪಿನ್ನಿನಿಂದ ಬಿಡಿಸಿ.

ತಮ್ಮನ ಟ್ಯಾಂಕಿನಲ್ಲಿ ಹೆಬ್ಬೆರಳ ಅಗಲದ ಒಂದು ತಗ್ಗು ಇನ್ನೂ ಇದೆ. ಟ್ಯೂಬ್‌ಲೈಟಿನ ಕೆಳಗೆ ಹಿಡಿದರೆ ಪಟ್ಟಿ ಅಲ್ಲಿ ಸ್ವಲ್ಪ ನಡುಗುತ್ತದೆ. ಇನ್ನೊಂದು ಸುತ್ತು ಎಳೆಯೋಣ ಅಂದ. ಮೂಲ ಬಣ್ಣ ಇನ್ನೂ ಗಟ್ಟಿಯಾಗಿದೆ, ಅದನ್ನು ಪಣಕ್ಕಿಡುವುದು ಬೇಡ ಅಂದೆ. ಟ್ಯಾಂಕ್ ಕೂರಿಸಿ, ಬೈಕನ್ನು ಹಿತ್ತಲಿನಿಂದ ತಂದು ಜಗಲಿ ಪಕ್ಕ ನಿಲ್ಲಿಸಿದೆವು.